ಮನೆಯಲ್ಲಿರುವ ಹಳೇ ಸೇನಾ ಬಂದೂಕು ಅಸಲಿಯೇ? ಬೆಲೆ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದವನು. ಪುಣೆಯ ಖಡಕಿಯಲ್ಲಿ ಸೇನೆಯ ವರ್ಕ್‌ಶಾಪಿನಲ್ಲಿ ಬಂದೂಕು ರಿಪೇರಿ ಮಾಡುತ್ತಲೇ 28 ವರ್ಷ ಕಳೆದೆ. ನಿವೃತ್ತಿಯಾದ ಮೇಲೆ ಪುಣೆ, ಮುಂಬೈ, ಗೋವಾದ ಕನ್ನಡದ ಮನೆಗಳಿಂದ ಫೋಟೋಗಳು ಬರತೊಡಗಿದವು. ಕೆಲವು ಊರಿನ ಮನೆ ಪಾಲಾದಾಗ ಅಟ್ಟದಿಂದ ಇಳಿದ ಬಂದೂಕುಗಳು. ಕೆಲವು ಚೋರ್ ಬಜಾರಿನಲ್ಲಿ ಗೋಡೆಗೆ ಚೆಂದ ಅಂತ ಕೊಂಡವು. ಬಂದೂಕು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಎಲ್ಲವನ್ನೂ ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ.

ಅಟ್ಟದಲ್ಲಿ ಹಳೇ ಬಂದೂಕು ಸಿಕ್ಕಿದೆ. ಮೊದಲು ಏನು ಮಾಡಬೇಕು?

ಒಳಗೆ ಈಡು ಇದೆಯಾ ಅಂತ ಯೋಚಿಸಿ. ಹಿಂದಿನವರು ಬೆಳೆ ಕಾಯಲು, ಹಂದಿ ಓಡಿಸಲು ಈಡು ತುಂಬಿ ಮೂಲೆಗೆ ಒರಗಿಸಿಡುತ್ತಿದ್ದರು. ತುಂಬಿದವರು ತೀರಿಕೊಂಡರು, ಈಡು ಹಾಗೇ ಉಳಿಯಿತು. ಕಪ್ಪು ಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ.

ಹಡಪ್ಸರದ ಒಂದು ಮನೆಯಲ್ಲಿ ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹಾರಿಸುವ ಬಂದೂಕು) ತೋರಿಸಿದರು. ನಳಿಗೆಯ ಬಾಯಿಗೆ ಎದುರಾಗದಂತೆ ಪಕ್ಕಕ್ಕೆ ನಿಂತು, ಮರದ ಕೋಲೊಂದನ್ನು ಮೆಲ್ಲಗೆ ಒಳಗೆ ಬಿಟ್ಟೆ. ಬಾಯಿಯ ಮಟ್ಟಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಕೋಲು ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿದು ನೋಡಿದರೆ, ತುದಿ ಕೇಪು ಕೂರಿಸುವ ನಿಪ್ಪಲ್‌ಗಿಂತ ಮೂರು ಬೆರಳು ಮೊದಲೇ ನಿಂತಿತ್ತು. ಆ ಮೂರು ಬೆರಳಿನ ಜಾಗದಲ್ಲಿ ಮದ್ದು, ಚಿಂದಿ, ಸೀಸ ಕೂತಿತ್ತು. ಅದೇ ಬಂದೂಕಿನ ಕುದುರೆ (ಕೇಪಿನ ಮೇಲೆ ಬಡಿಯುವ ಸುತ್ತಿಗೆ) ಎಳೆದು ಮೊಮ್ಮಕ್ಕಳು ದೀಪಾವಳಿಯಲ್ಲಿ ಆಟ ಆಡಿದ್ದರಂತೆ. ನೆನೆಸಿಕೊಂಡರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಒಳಗೆ ಏನೋ ಇದೆ ಅನ್ನಿಸಿದರೆ ಕೆದಕಬೇಡಿ, ಬಿಸಿ ಮಾಡಬೇಡಿ, ಕುದುರೆ ಎಳೆಯಬೇಡಿ. ಪೊಲೀಸ್ ಠಾಣೆಗೆ ತಿಳಿಸಿ. ಹಿಂದಿನಿಂದ ತೋಟಾ ಹಾಕುವ ಬಂದೂಕಾದರೆ ನೀವಾಗಿ ತೆರೆಯಲೂ ಹೋಗಬೇಡಿ.

ನೂರು ವರ್ಷ ದಾಟಿದೆ. ಇನ್ನೂ ಲೈಸೆನ್ಸ್ ಬೇಕಾ?

"ನೂರು ವರ್ಷ ಆಯ್ತು, ಆ್ಯಂಟಿಕ್ ಆಯ್ತು, ಲೈಸೆನ್ಸ್ ಬೇಡ" ಅಂತ ಅಂಗಡಿಯವರು ಹೇಳುವುದನ್ನು ನಂಬಬೇಡಿ. 1959ರ ಆಯುಧ ಕಾಯ್ದೆಯ 45ನೇ ಕಲಂನಲ್ಲಿ ವಿನಾಯಿತಿ ಇರುವುದು ನಿಜ. ಆದರೆ ಬಂದೂಕು ಹಳೇ ಮಾದರಿಯದ್ದಾಗಿದ್ದರೆ ಅಥವಾ ಪುರಾತನ ಬೆಲೆ ಇರುವಂಥದ್ದಾಗಿದ್ದರೆ ಸಾಲದು. ರಿಪೇರಿ ಮಾಡಿದರೂ ಅದರಿಂದ ಗುಂಡು ಹಾರಿಸಲು ಆಗಬಾರದು. ಕೇಪಿನ ಕೋವಿಗೆ ಹೊಸ ನಿಪ್ಪಲ್ ಹಾಕಿದರೆ ಅದು ಹಾರುತ್ತದೆ. ಹಾಗಿದ್ದಾಗ ಅದು ಕಾನೂನಿನ ಕಣ್ಣಿಗೆ ಬಂದೂಕೇ.

ಲೈಸೆನ್ಸ್ ಇದ್ದವರು ತೀರಿಕೊಂಡಿದ್ದರೆ ಬಂದೂಕನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಜಮಾ ಮಾಡಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಪುಣೆ, ಮುಂಬೈ ನಗರದಲ್ಲಿ ಪೊಲೀಸ್ ಕಮಿಷನರ್ ಕಚೇರಿಗೆ, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗೆ. 2019ರ ತಿದ್ದುಪಡಿಯ ನಂತರ ಒಬ್ಬರ ಹತ್ತಿರ ಎರಡಕ್ಕಿಂತ ಜಾಸ್ತಿ ಬಂದೂಕು ಇರುವಂತಿಲ್ಲ. ಮೊದಲು ಮೂರು ಇತ್ತು. ತ್ರೀ ನಾಟ್ ತ್ರೀ (.303) ನಮ್ಮಲ್ಲಿ ನಿಷೇಧಿತ ಬೋರ್, ಬೋರ್ ಅಂದರೆ ನಳಿಗೆಯ ಒಳ ಅಗಲ. ಅಂಥದ್ದು ಸಿಕ್ಕರೆ ಒಂದು ದಿನವೂ ತಡ ಮಾಡಬೇಡಿ, ವಕೀಲರನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಿ.

ನನ್ನ ಹತ್ತಿರ ಇರುವುದು ಯಾವ ಬಂದೂಕು? ಗುರುತಿಸುವುದು ಹೇಗೆ?

ಮೂರು ಅಳತೆ ತೆಗೆದುಕೊಳ್ಳಿ: ಒಟ್ಟು ಉದ್ದ, ನಳಿಗೆಯ ಉದ್ದ, ಬಾಯಿಯ ಅಗಲ. ಆಮೇಲೆ ಬಾಯಿಯೊಳಗೆ ಬೆಳಕು ಬಿಟ್ಟು ಸುರುಳಿ ಗೀರು ಇದೆಯಾ, ಎಷ್ಟಿವೆ ಅಂತ ಎಣಿಸಿ. ಮುಕ್ಕಾಲು ಕೆಲಸ ಇಲ್ಲೇ ಮುಗಿಯುತ್ತದೆ.

ಬಾಯಿ ಸುಮಾರು 19 ಮಿ.ಮೀ., ಒಳಗೆ ನುಣುಪು, ಕುದುರೆಯ ತುದಿಯಲ್ಲಿ ಚಕಮಕಿ ಕಲ್ಲು ಹಿಡಿಯುವ ದವಡೆ ಇದ್ದರೆ ಅದು ಕಂಪನಿ ಕಾಲದ ಬ್ರೌನ್ ಬೆಸ್ ಜಾತಿಯ ಮಸ್ಕೆಟ್. ನಮ್ಮ ಕಡೆ ಸಿಗುವುದು ಹೆಚ್ಚಾಗಿ 39 ಇಂಚಿನ ನಳಿಗೆಯ ಇಂಡಿಯಾ ಪ್ಯಾಟರ್ನ್.

ಬಾಯಿ 14.7 ಮಿ.ಮೀ., ಒಳಗೆ ಮೂರು ಗೀರು, ನಳಿಗೆ 39 ಇಂಚು, ಅದನ್ನು ಮರಕ್ಕೆ ಬಿಗಿಯುವ ಪಟ್ಟಿ ಮೂರು. ಇದು 1853ರ ಮಾದರಿಯ ಎನ್‌ಫೀಲ್ಡ್. 1857ರಲ್ಲಿ ಕೊಬ್ಬು ಸವರಿದ ತೋಟಾದ ಗಲಾಟೆ ಎದ್ದದ್ದು ಇದರಿಂದಲೇ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಹೊರಗಿನಿಂದ ನೋಡಿದರೆ ಥೇಟ್ ಎನ್‌ಫೀಲ್ಡ್, ಒಳಗೆ ನೋಡಿದರೆ ಗೀರೇ ಇಲ್ಲ. "ತುಕ್ಕು ತಿಂದು ಗೀರು ಸವೆದಿದೆ" ಅಂದುಕೊಳ್ಳುತ್ತಾರೆ. ಸವೆದಿಲ್ಲ, ಮೊದಲಿನಿಂದಲೂ ಇರಲೇ ಇಲ್ಲ. 1857ರ ನಂತರ ಬ್ರಿಟಿಷರು ದೇಶೀ ಸಿಪಾಯಿಗಳ ಕೈಗೆ ದೂರಕ್ಕೆ ಗುರಿ ಹೊಡೆಯುವ ರೈಫಲ್ ಕೊಡಲು ಹೆದರಿದರು. ಅದೇ ರೂಪದ, ನುಣುಪು ನಳಿಗೆಯ ಮಸ್ಕೆಟ್ ಮಾಡಿಸಿದರು. ಬಾಯಿ ಸುಮಾರು 16.7 ಮಿ.ಮೀ., ಗುರಿ ನೋಡಲು ನಳಿಗೆಯ ಹಿಂಭಾಗದಲ್ಲಿರುವ ಪಟ್ಟಿ ಮೇಲೆ ಕೆಳಗೆ ಆಡುವುದಿಲ್ಲ. ಅಪನಂಬಿಕೆಯನ್ನೇ ಕಬ್ಬಿಣದಲ್ಲಿ ಎರಕ ಹೊಯ್ದಂತೆ ಕಾಣುತ್ತದೆ ನನಗೆ. ಇಂಥದ್ದು ಸಿಕ್ಕರೆ ಕೆಟ್ಟ ಎನ್‌ಫೀಲ್ಡ್ ಅಂತ ಮೂಲೆಗೆ ತಳ್ಳಬೇಡಿ.

ಎನ್‌ಫೀಲ್ಡ್ ಹಾಗೇ ಇದ್ದು, ನಳಿಗೆಯ ಬುಡದಲ್ಲಿ ಬಲಕ್ಕೆ ತೆರೆಯುವ ಬಾಗಿಲು ಇದ್ದರೆ ಅದು ಸ್ನೈಡರ್, 1866ರಿಂದ ಈಚಿನದು. ಕುದುರೆಯೇ ಹೊರಗೆ ಕಾಣದೆ, ಬೆರಳಿನಿಂದ ಎಳೆಯುವ ಟ್ರಿಗರ್ ಸುತ್ತಲಿನ ಪಟ್ಟಿಯ ಹಿಂದೆ ಉದ್ದನೆಯ ಸನ್ನೆ ಇದ್ದು, ಅದನ್ನು ಕೆಳಕ್ಕೆ ಒತ್ತಿದರೆ ತೋಟಾ ಹಾಕುವ ಹಿಂಬದಿ ತೆರೆಯುವಂತಿದ್ದರೆ ಮಾರ್ಟಿನಿ-ಹೆನ್ರಿ. ಅದು 1871ರಲ್ಲಿ ಬಂತು. ಬಾಯಿ 11.4 ಮಿ.ಮೀ., ಗೀರು ಏಳು. ಬೋಲ್ಟ್ ಎಳೆಯುವ ಲೀ-ಎನ್‌ಫೀಲ್ಡ್ ಅದರ ನಂತರದ ಕಾಲದ್ದು. ಗೀರು ಐದು, ಎಡಕ್ಕೆ ತಿರುಗಿರುತ್ತವೆ.

ಅಸಲಿ ಅಂತ ಹೇಗೆ ಗೊತ್ತಾಗುತ್ತದೆ?

ಮುದ್ರೆ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಮುದ್ರೆ ಯಾರು ಬೇಕಾದರೂ ಹೊಡೆಯಬಹುದು. ಮುದ್ರೆ, ವರ್ಷ, ಮರ, ಲೋಹ, ಸವೆತ, ಈ ಐದೂ ಒಂದಕ್ಕೊಂದು ತಾಳೆಯಾಗಬೇಕು. ಒಂದು ತಪ್ಪಿದರೆ ಅನುಮಾನ ಪಡಿ. ಎರಡು ತಪ್ಪಿದರೆ ಬಿಟ್ಟುಬಿಡಿ.

ಮೊದಲು ವರ್ಷದ ತಾಳೆ. ಕಿರೀಟದ ಕೆಳಗೆ ವಿ.ಆರ್. ಇದ್ದರೆ ವಿಕ್ಟೋರಿಯಾ ರಾಣಿ, ಅಂದರೆ 1901ರ ಜನವರಿಯೊಳಗೆ. ಇ.ಆರ್. ಇದ್ದರೆ ಎಡ್ವರ್ಡ್ ದೊರೆ, 1901ರಿಂದ 1910. ಆಮೇಲೆ ಜಾರ್ಜ್ ದೊರೆಗಳ ಜಿ.ಆರ್. ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ ಸ್ವಾತಂತ್ರ್ಯಕ್ಕೆ ಮೊದಲು ಜಿ.ಆರ್.ಐ., ನಂತರ ಆರ್.ಎಫ್.ಐ. (ರೈಫಲ್ ಫ್ಯಾಕ್ಟರಿ ಇಷಾಪುರ). ಈಸ್ಟ್ ಇಂಡಿಯಾ ಕಂಪನಿ ಮೊದಲು ಹೃದಯದ ಆಕಾರದ ಮುದ್ರೆ ಹೊಡೆಯುತ್ತಿತ್ತು, ನಂತರ ಎದ್ದು ನಿಂತ ಸಿಂಹ. ಕಂಪನಿಯ ಆಳ್ವಿಕೆ 1858ಕ್ಕೆ ಮುಗಿಯಿತು. ಹಾಗಾಗಿ ಸಿಂಹದ ಪಕ್ಕ 1868 ಅಂತ ಇದ್ದರೆ ಯಾರೋ ಆಮೇಲೆ ಹೊಡೆದದ್ದು.

ಒಂದು ಎಚ್ಚರಿಕೆ. ಸ್ನೈಡರ್ ಬಂದೂಕಿನ ಮೇಲೆ 1861 ಅಂತ ಇದ್ದರೆ ನಕಲಿ ಅನ್ನಬೇಡಿ. ಮೊದಮೊದಲು ಹಳೇ ಎನ್‌ಫೀಲ್ಡ್‌ಗಳನ್ನೇ ಕತ್ತರಿಸಿ ಸ್ನೈಡರ್ ಮಾಡಿದರು. ಲಾಕ್ ಪ್ಲೇಟಿನ (ಕುದುರೆ ಕೂರಿಸಿದ ಪಕ್ಕದ ತಗಡು) ಮೇಲೆ ಹಳೇ ವರ್ಷ ಹಾಗೇ ಉಳಿಯಿತು. ಮಾರ್ಟಿನಿ ಮೇಲೆ 1861 ಇದ್ದರೆ ಮಾತ್ರ ಅದು ಸಾಧ್ಯವೇ ಇಲ್ಲ.

ಇನ್ನು ಒಳಗಿನ ತಾಳೆ. ಲಾಕ್ ಮೇಲೆ ಟವರ್ ಅಂತ ಇದ್ದರೆ ಗುತ್ತಿಗೆದಾರರು ಮಾಡಿದ್ದು. ಭಾಗಗಳನ್ನು ಕೈಯಲ್ಲಿ ಉಜ್ಜಿ ಕೂರಿಸಿರುತ್ತಾರೆ. ಅದಲು ಬದಲಾಗದಿರಲಿ ಅಂತ ನಳಿಗೆಯ ಅಡಿಯಲ್ಲಿ, ನಳಿಗೆ ಕೂರುವ ಮರದ ತೋಡಿನಲ್ಲಿ ಒಂದೇ ಸಂಖ್ಯೆ ಕೊರೆದಿರುತ್ತಾರೆ. ಎರಡು ಕಡೆ ಸಂಖ್ಯೆ ಬೇರೆ ಇದ್ದರೆ ಎರಡು ಬಂದೂಕು ಸೇರಿಸಿ ಒಂದು ಮಾಡಿದ್ದಾರೆ ಅಂತ ಅರ್ಥ. ಎನ್‌ಫೀಲ್ಡ್ ಅಂತ ಇದ್ದರೆ ಸರ್ಕಾರಿ ಕಾರ್ಖಾನೆಯ ಯಂತ್ರದಲ್ಲಿ ಆದದ್ದು, ಭಾಗಗಳು ಒಂದರಲ್ಲಿ ಇನ್ನೊಂದು ಹೊಂದುತ್ತವೆ.

ಮುದ್ರೆ ಸವೆದು ಕಾಣುತ್ತಿಲ್ಲ. ಓದುವುದು ಹೇಗೆ?

ರಾತ್ರಿ ಲೈಟ್ ಆರಿಸಿ. ಟಾರ್ಚನ್ನು ಲೋಹದ ಮಟ್ಟಕ್ಕೇ ಮಲಗಿಸಿ ಹಿಡಿದು, ನಿಧಾನಕ್ಕೆ ಸುತ್ತ ತಿರುಗಿಸಿ.

ಕೊಥ್ರೂಡಿನಲ್ಲಿ ವಿಜಯಪುರದ ಕಡೆಯ ಒಬ್ಬ ಅಜ್ಜಿಯ ಮನೆ. ಹಗಲಲ್ಲಿ ಲಾಕ್ ಪ್ಲೇಟು ಬರೀ ಕಂದು ತಗಡು. ಕತ್ತಲಲ್ಲಿ ಟಾರ್ಚ್ ಎಡಕ್ಕೆ ತಂದಾಗ ಕಿರೀಟದ ಕೆಳಗಿನ ಬಾಗು ಮಾತ್ರ ಎದ್ದು ಬಂತು. ಸ್ವಲ್ಪ ಕೆಳಗೆ ತಂದೆ, ವಿ ಕಂಡಿತು. ಇನ್ನೊಂದು ಚೂರು ಸರಿಸಿದೆ, 18, ಆಮೇಲೆ 5. ಕೊನೆಯ ಅಂಕಿ ಒಂಬತ್ತೋ ಆರೋ ಅಂತ ಹದಿನೈದು ನಿಮಿಷ ನೋಡಿದೆವು. ಬಾಲ ಕೆಳಗಿತ್ತು, 1859. ಅಜ್ಜಿ ಪಕ್ಕದಲ್ಲೇ ಕೂತು, "ನಮ್ಮ ಮಾವನವರು ಇದನ್ನ ಯಾವತ್ತೂ ತೊಳೀಲಿಕ್ಕೆ ಬಿಡ್ತಿರಲಿಲ್ಲರೀ" ಅಂದರು. ಆ ಮಾವನವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಓದುವಾಗಲೇ ಇನ್ನೊಂದನ್ನೂ ನೋಡಿ. ಅಚ್ಚಿಟ್ಟು ಹೊಡೆದ ಮುದ್ರೆಯಲ್ಲಿ ಲೋಹ ಅಂಚಿಗೆ ಒತ್ತಿ ಸ್ವಲ್ಪ ಉಬ್ಬಿರುತ್ತದೆ. ಉಳಿಯಲ್ಲಿ ಕೊರೆದದ್ದರ ತಳ ಚೂಪಾಗಿರುತ್ತದೆ. ಎರಕದ ಮುದ್ರೆ ಸಾಬೂನಿನ ಮೇಲಿನ ಅಕ್ಷರದ ಹಾಗೆ ಮೊಂಡಾಗಿರುತ್ತದೆ. ಸೇನಾ ಬಂದೂಕಿನ ಮೇಲೆ ಈ ಮೂರನೆಯದು ಕಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ಬಾಣದ ಗುರುತು ಅಂದರೆ ಏನು?

ಅಗಲ ಮೊನೆಯ ಬಾಣ ಬ್ರಿಟಿಷ್ ಸರ್ಕಾರದ ಆಸ್ತಿ ಅನ್ನುವ ಗುರುತು. ಜೊತೆಗೆ ಐ ಅಕ್ಷರ ಇದ್ದರೆ ಭಾರತ ಸರ್ಕಾರದ್ದು. ಎರಡು ಬಾಣ ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಸೇನೆಯಿಂದ ಮಾರಿ ಹೊರಗೆ ಹಾಕಿದ್ದು. ಡಿ.ಪಿ. ಅಂದರೆ ಬರೀ ಕವಾಯತಿಗೆ ಇಟ್ಟದ್ದು.

ಚೋರ್ ಬಜಾರಿನಲ್ಲಿ "ಟವರ್ 1857" ಬಂದೂಕು ಕೊಂಡೆ. ಅಸಲಿನಾ?

ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ, ಪುಣೆಯ ಜುನಾ ಬಜಾರಿನಲ್ಲಿ ಗೋಡೆಗೆ ನೇತುಹಾಕಲೆಂದೇ ಮಾಡಿದ ಬಂದೂಕುಗಳು ರಾಶಿ ರಾಶಿ. 1857 ಅನ್ನುವ ವರ್ಷ ಬೇಗ ಮಾರಾಟವಾಗುತ್ತದೆ. ಅದಕ್ಕೇ ಅಷ್ಟೊಂದರ ಮೇಲೆ ಅದೇ ವರ್ಷ.

ಇವನ್ನು ಹಿಡಿಯುವುದು ಕಷ್ಟ ಅಲ್ಲ. ನಿಪ್ಪಲ್‌ನಲ್ಲಿ ತೂತು ಇದೆಯಾ ನೋಡಿ. ಅಲಂಕಾರದ್ದಾದರೆ ಹೆಚ್ಚಾಗಿ ಇರುವುದಿಲ್ಲ. ನಳಿಗೆಯೊಳಗೆ ಉದ್ದಕ್ಕೆ ಬೆಸುಗೆಯ ಗೆರೆ ಓಡಿದ್ದರೆ ಅದು ನೀರಿನ ಪೈಪು. ಸ್ಕ್ರೂ ತಲೆಯಲ್ಲಿ ಕೂಡಿಸುವ ಚಿಹ್ನೆಯ ಹಾಗೆ ಅಡ್ಡ ಉದ್ದ ಎರಡೂ ಗೀರು ಇದ್ದರೆ ಕೇಳುವುದೇ ಬೇಡ. ಬ್ರಿಟಿಷ್ ಬಂದೂಕಿನ ಮರ ಅಕ್ರೋಟು. ಇವು ಮಾವು ಅಥವಾ ಶೀಸಂ, ಮೇಲೆ ಬಣ್ಣ. ಎಲ್ಲಕ್ಕಿಂತ ಮುಖ್ಯ, ಸವೆತ ಎಲ್ಲಿದೆ ಅಂತ ನೋಡಿ. ಸಿಪಾಯಿಯ ಕೈ ಮುಟ್ಟುವ ಜಾಗ ಮಾತ್ರ ಸವೆಯುತ್ತದೆ: ಹಿಡಿಯ ಕುತ್ತಿಗೆ, ಕೆನ್ನೆ ತಾಗುವ ಕಡೆ, ಕುದುರೆಯ ಹೆಬ್ಬೆರಳಿನ ಗುರುತು. ಮೂಲೆ ಮೂಲೆಯೂ ಒಂದೇ ಥರ ಸವೆದಿದ್ದರೆ ಅದು ಮರಳು ಕಾಗದದ ಕೆಲಸ.

ಇಷ್ಟು ವರ್ಷದಲ್ಲಿ ಬಜಾರಿನಿಂದ ನನ್ನ ಹತ್ತಿರ ಬಂದದ್ದರಲ್ಲಿ ಅಸಲಿ ಲಾಕ್ ಕಂಡದ್ದು ಉಂಟು, ಪೂರ್ತಿ ಅಸಲಿ ಬಂದೂಕು ಕಂಡದ್ದು ತೀರಾ ಕಮ್ಮಿ.

"ಖೈಬರ್ ಕಾಪಿ" ಅಂದರೆ?

ಈಗ ಪಾಕಿಸ್ತಾನದಲ್ಲಿರುವ ದರ್ರಾ ಆದಮ್ ಖೇಲ್ ಮತ್ತು ಸುತ್ತಲಿನ ಊರುಗಳಲ್ಲಿ ಕೈಯಿಂದಲೇ ಮಾಡಿದ ನಕಲು. ಗೋಡೆಯ ಅಲಂಕಾರಕ್ಕಲ್ಲ, ನಿಜವಾಗಿ ಹಾರಿಸಲು ಮಾಡಿದವು. ಕೆಲಸಗಾರರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಕಂಡ ಹಾಗೆ ಅಕ್ಷರ ಕೊರೆದರು. ಎನ್‌ಫೀಲ್ಡ್ ಪದದ ಎನ್ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ವಿ.ಆರ್. ಕೆಳಗೆ 1919 ಅಂತ ಇರುತ್ತದೆ, ರಾಣಿ ಸತ್ತು ಹದಿನೆಂಟು ವರ್ಷದ ಮೇಲೆ.

ಇವನ್ನು ಕಸ ಅನ್ನಬೇಡಿ. ಬರೀ ಅರ ಮತ್ತು ಕೈಯಲ್ಲಿ ತಿರುಗಿಸುವ ಬೈರಿಗೆಯಿಂದ ಮಾರ್ಟಿನಿ ಮಾಡಿದ ಕೈಚಳಕಕ್ಕೆ ತನ್ನದೇ ಗೌರವ ಇದೆ. ಇಂಗ್ಲೆಂಡಿನದು ಅಂತ ಹೇಳಿ ಮಾರುವುದು ಮಾತ್ರ ಮೋಸ.

ಗೋವಾದಲ್ಲಿ ಮನೆ ಕೊಂಡೆವು. ಒಳಗೆ ಸಿಕ್ಕ ಬಂದೂಕಿನ ಮೇಲೆ ಇಂಗ್ಲಿಷ್ ಅಲ್ಲದ ಅಕ್ಷರ ಇದೆ.

ಗೋವಾ 1961ರ ಡಿಸೆಂಬರ್ 19ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಹಾಗಾಗಿ ಬ್ರಿಟಿಷ್ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ನಳಿಗೆಯ ಕೆಳಗೆ ಮರದೊಳಗೇ ತೋಟಾ ತುಂಬುವ ಕೊಳವೆ ಇದ್ದು, ಆಸ್ಟ್ರಿಯಾದ ಸ್ಟೈಯರ್ ಹೆಸರಿದ್ದರೆ ಅದು 1886ರ ಮಾದರಿಯ ಕ್ರೋಪಾಚೆಕ್, 8 ಮಿ.ಮೀ. ಬರ್ಲಿನ್ ಕಾರ್ಖಾನೆಯ ಹೆಸರು, ಮೇಲೆ ಕಿರೀಟದ ಜೊತೆ ದೊರೆ ಕಾರ್ಲೋಸ್‌ನ ಮುದ್ರೆ ಇದ್ದರೆ 1904ರ ಮಾದರಿಯ ಮೌಸರ್-ವೆರ್ಗೇಯ್ರೋ. ಮೊದಲಿಗೆ ಅದರ ಬೋರ್ 6.5 ಮಿ.ಮೀ. 1939ರಲ್ಲಿ ಬಹಳಷ್ಟನ್ನು 7.92ಕ್ಕೆ ಬದಲಾಯಿಸಿದರು. ಬದಲಾಯಿಸದೆ ಉಳಿದದ್ದು ಸಂಗ್ರಹಕಾರರಿಗೆ ಹೆಚ್ಚು ಪ್ರಿಯ. ಪೋರ್ಚುಗಲ್‌ನಲ್ಲಿ ರಾಜರ ಆಳ್ವಿಕೆ 1910ರ ಅಕ್ಟೋಬರ್‌ನಲ್ಲಿ ಮುಗಿಯಿತು, ಕಿರೀಟ ಕಂಡರೆ ಈ ವರ್ಷ ನೆನಪಿಡಿ. ಇವೆರಡೂ ತೋಟಾ ರೈಫಲ್, ಮೊದಲು ಠಾಣೆ, ಆಮೇಲೆ ಸಂಶೋಧನೆ.

"ನಮ್ಮ ಮುತ್ತಜ್ಜ ಇದನ್ನ ಹಲಗಲಿ ದಂಗೆಯಲ್ಲಿ ಹಿಡಿದಿದ್ದ" ಅಂತ ಮನೆಯಲ್ಲಿ ಹೇಳುತ್ತಾರೆ. ನಂಬಬಹುದಾ?

ಕಥೆಯನ್ನು ಗೌರವದಿಂದ ಕೇಳಿ, ಬಂದೂಕನ್ನು ಬೇರೆಯಾಗಿ ನೋಡಿ. ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಅಂತ ಎದ್ದು ನಿಂತದ್ದು 1857ರಲ್ಲಿ. ಆಗ ಊರೂರಲ್ಲಿ ಬಂದೂಕು ಬಚ್ಚಿಟ್ಟವರು ಇದ್ದೇ ಇರುತ್ತಾರೆ. ಆದರೆ ನೀವು ತೋರಿಸುವುದು ಮಾರ್ಟಿನಿ ಆದರೆ ಅದು 1871ರಿಂದ ಈಚಿನದು. ಕಿತ್ತೂರಿನ ಕದನ 1824ರಲ್ಲಿ. ಬ್ರಿಟಿಷ್ ಸೇನೆಗೆ ಕೇಪಿನ ಬಂದೂಕು ಬಂದದ್ದೇ ಅದಾಗಿ ಹದಿನೈದು ವರ್ಷದ ಆಚೆ. ಹಾಗಾಗಿ ಎನ್‌ಫೀಲ್ಡ್ ತೋರಿಸಿ ಕಿತ್ತೂರಿನದು ಅಂದರೆ ತಾಳೆಯಾಗುವುದಿಲ್ಲ.

ಕಥೆ ಸುಳ್ಳು ಅಂತಲೂ ಅಲ್ಲ. ಹಳೇ ಬಂದೂಕು ಕಳೆದು ಹೋಗಿ, ಅದರ ಕಥೆ ಹೊಸ ಬಂದೂಕಿಗೆ ಅಂಟಿಕೊಂಡಿರುತ್ತದೆ. ಮನೆಯ ಹಿರಿಯರ ಮಾತನ್ನು ಅವರ ಬಾಯಲ್ಲೇ ರೆಕಾರ್ಡ್ ಮಾಡಿಡಿ. ಹಳೇ ಲೈಸೆನ್ಸ್, ಪಿಂಚಣಿ ಕಾಗದ, ಬಂದೂಕು ಹಿಡಿದ ಫೋಟೋ ಇದ್ದರೆ ಜೊತೆಗಿಡಿ. ಕಾಗದ ಇರುವ ಸಾಧಾರಣ ಬಂದೂಕು, ಕಾಗದ ಇಲ್ಲದ ಒಳ್ಳೆ ಬಂದೂಕಿಗಿಂತ ನನಗೆ ಹೆಚ್ಚು.

ಉಜ್ಜಿ ಹೊಳಪು ಮಾಡಿದರೆ ಬೆಲೆ ಬರುತ್ತದಾ?

ದಯವಿಟ್ಟು ಬೇಡ. ಇದನ್ನು ಕಾಲು ಹಿಡಿದು ಹೇಳುತ್ತೇನೆ.

ಡೊಂಬಿವಿಲಿಯ ಒಬ್ಬರು ಸ್ನೈಡರ್ ತೋರಿಸಲು ಕರೆದರು. ನಾನು ಬರುತ್ತೇನೆಂದು ಹಿಂದಿನ ರಾತ್ರಿ ಇಡೀ ಕೂತು, ಮರಳು ಕಾಗದ ಹಾಕಿ, ಹಿತ್ತಾಳೆಗೆ ಪಾಲಿಶ್ ಹಚ್ಚಿ ಬೆಳಗಿಸಿದ್ದರು. ಬುಡದ ಹಿತ್ತಾಳೆ ತಗಡಿನ ಮೇಲೆ ಪಲ್ಟಣಿನ ಗುರುತು ಇರುತ್ತದೆ. ಅಲ್ಲಿ ಎನ್ ಮತ್ತು ಐ ಅಕ್ಷರ ನೆರಳಿನಂತೆ ಉಳಿದಿತ್ತು. ನೇಟಿವ್ ಇನ್‌ಫೆಂಟ್ರಿ. ಅದರ ಮುಂದೆ ಪಲ್ಟಣಿನ ಸಂಖ್ಯೆ ಇರಬೇಕು. ಬೆರಳಾಡಿಸಿದರೆ ಅಂಕಿಯೊಂದರ ಅರ್ಧ ಬಾಗು ಮಾತ್ರ ತಾಗಿತು. 3 ಇರಬಹುದು, 8 ಇರಬಹುದು. ಯಾವ ಪಲ್ಟಣು, ಯಾವ ಯುದ್ಧ, ಯಾರ ಹೆಗಲು, ಎಲ್ಲವೂ ಆ ಒಂದು ರಾತ್ರಿಯಲ್ಲಿ ಅಳಿಸಿ ಹೋಗಿತ್ತು. ಪಾಪ, ಅವರು ಪ್ರೀತಿಯಿಂದಲೇ ಮಾಡಿದ್ದರು.

ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕೂತ ಪದರ ವಯಸ್ಸಿನ ಗುರುತು, ಅದು ಇರಲಿ. ಮುಟ್ಟಿದರೆ ಕೈಗೆ ಕೆಂಪು ಪುಡಿ ಬಂದರೆ ಅದು ಜೀವಂತ ತುಕ್ಕು. ಅದಕ್ಕೆ ಹಗುರವಾಗಿ ಎಣ್ಣೆ ಮುಟ್ಟಿಸಿ ಹತ್ತಿ ಬಟ್ಟೆಯಲ್ಲಿ ಒರೆಸಿ, ಅಷ್ಟು ಸಾಕು. ಮರಕ್ಕೆ ವಾರ್ನಿಶ್ ಬೇಡವೇ ಬೇಡ.

ಟಿಪ್ಪು ಸುಲ್ತಾನನ ಬಂದೂಕು ಅಂತ ಒಬ್ಬರು ಮಾರುತ್ತಿದ್ದಾರೆ.

ಹುಲಿಪಟ್ಟೆ ಕೊರೆದ ಮಾತ್ರಕ್ಕೆ ಟಿಪ್ಪುವಿನದು ಆಗುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬಹಳಷ್ಟು ಬಂದೂಕುಗಳು ಬ್ರಿಟಿಷ್ ಅಧಿಕಾರಿಗಳ ಜೊತೆ ಹಡಗು ಹತ್ತಿದವು. ಅಸಲಿಯಾದವು ಲಂಡನ್ ಹರಾಜಿನಲ್ಲಿ ದೊಡ್ಡ ಬೆಲೆಗೆ ಹೋಗುತ್ತವೆ. ಆ ಬೆಲೆ ಕೇಳಿಯೇ ಇಲ್ಲಿ ನಕಲು ಹುಟ್ಟುತ್ತದೆ. ರಸ್ತೆ ಬದಿಯಲ್ಲಿ ಕೊಳ್ಳಬೇಡಿ.

ಕೊನೆಗೂ ಬೆಲೆ ಎಷ್ಟು? ಇಂಟರ್ನೆಟ್ಟಿನಲ್ಲಿ ಸಾವಿರಾರು ಡಾಲರ್ ತೋರಿಸುತ್ತದೆ.

ಆ ಬೆಲೆ ಅಲ್ಲಿಯದು. ಅಮೆರಿಕದಲ್ಲಿ 1898ರವರೆಗೆ ಮಾಡಿದ ಬಂದೂಕು ಅಲ್ಲಿನ ಕೇಂದ್ರ ಕಾನೂನಿನಲ್ಲಿ ಆ್ಯಂಟಿಕ್, ಯಾರು ಬೇಕಾದರೂ ಕೊಳ್ಳಬಹುದು. ಬ್ರಿಟನ್‌ನಲ್ಲಿ ಈಗ ತೋಟಾ ಸಿಗದ ಹಳೇ ಬೋರ್ ಬಂದೂಕುಗಳನ್ನು ಅಲಂಕಾರಕ್ಕೆ ಅಂತ ಇಟ್ಟುಕೊಳ್ಳಬಹುದು. ಕೊಳ್ಳುವವರು ಲಕ್ಷಾಂತರ. ನಮ್ಮಲ್ಲಿ ಹಾರುವ ಬಂದೂಕು ಲೈಸೆನ್ಸ್ ಇದ್ದವರಿಂದ ಲೈಸೆನ್ಸ್ ಇದ್ದವರಿಗೆ ಮಾತ್ರ ಹೋಗಬೇಕು. ಹೊರದೇಶಕ್ಕೆ ಕಳಿಸೋಣ ಅಂದರೆ, ನೂರು ವರ್ಷ ದಾಟಿದ್ದು 1972ರ ಪುರಾತನ ವಸ್ತುಗಳ ಕಾಯ್ದೆಯ ಅಡಿ ಬರುತ್ತದೆ. ಖಾಸಗಿಯವರು ರಫ್ತು ಮಾಡುವಂತಿಲ್ಲ. ಅಂಥ ವಸ್ತು ಮಾರುವ ವ್ಯಾಪಾರಿಗೂ ಲೈಸೆನ್ಸ್ ಬೇಕು.

ಅಲ್ಲಿಯ ಬೆಲೆಯೂ ನಿಂತ ನೀರಲ್ಲ. 2003ರಲ್ಲಿ ನೇಪಾಳದ ಹಳೇ ಶಸ್ತ್ರಾಗಾರವನ್ನು ಅಮೆರಿಕದ ವ್ಯಾಪಾರಿಗಳು ಕೊಂಡಾಗ ಬ್ರೌನ್ ಬೆಸ್, ಮಾರ್ಟಿನಿಗಳು ಸಾವಿರಗಟ್ಟಲೆ ಮಾರುಕಟ್ಟೆಗೆ ಬಂದವು.

ಬೆಲೆ ಏರಿಸುವುದರಲ್ಲಿ ನನ್ನ ಲೆಕ್ಕದಲ್ಲಿ ಮೊದಲನೆಯದು ಬದಲಾಗದ ಭಾಗಗಳು. ಬೋಲ್ಟಿನ ಸಂಖ್ಯೆ, ನಳಿಗೆಯ ಸಂಖ್ಯೆ ಒಂದೇ ಇರಬೇಕು, ಗಜ (ನಳಿಗೆಯೊಳಗೆ ಮದ್ದು ತಳ್ಳುವ ಕೋಲು) ಅದರದ್ದೇ ಇರಬೇಕು. ಆಮೇಲೆ ಪಲ್ಟಣಿನ ಗುರುತು, ಕಾಗದ ಪತ್ರ. ಹೊಳಪು ಪಟ್ಟಿಯಲ್ಲೇ ಇಲ್ಲ. ಸೇನೆಯೇ ಮಾಡಿದ ರಿಪೇರಿ ದೋಷವೂ ಅಲ್ಲ. ಇಷಾಪುರದ ಲೀ-ಎನ್‌ಫೀಲ್ಡ್‌ಗಳ ಮುಂದಿನ ಮರದಲ್ಲಿ ಅಡ್ಡಲಾಗಿ ಒಂದು ಸ್ಕ್ರೂ ಇರುತ್ತದೆ. ಮರ ಸೀಳದಿರಲಿ ಅಂತ ಹಾಕಿದ್ದು, ಅದನ್ನು ತೆಗೆದು ತೂತು ಮುಚ್ಚಿದರೆ ನಷ್ಟ ನಿಮಗೇ.

ಅಸಲಿ ಬಂದೂಕುಗಳನ್ನು ಎಲ್ಲಿ ನೋಡಿ ಕಣ್ಣು ಪಳಗಿಸಿಕೊಳ್ಳಬಹುದು?

ಪುಣೆಯಲ್ಲಿ ರಾಜಾ ದಿನಕರ್ ಕೇಳ್ಕರ್ ಮ್ಯೂಸಿಯಂ, ಮುಂಬೈಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಆಯುಧ ವಿಭಾಗ. ಒಂದೇ ದಿನ ಎಲ್ಲ ನೋಡಬೇಡಿ. ಒಂದೇ ಬಂದೂಕಿನ ಮುಂದೆ ಅರ್ಧ ಗಂಟೆ ನಿಂತು, ಸ್ಕ್ರೂ ತಲೆ, ಮರ ಮತ್ತು ಲೋಹ ಸೇರುವ ಗೆರೆ, ಸವೆದ ಜಾಗ ನೋಡಿ. ನಿಮ್ಮ ಬಂದೂಕು ಪುರಾತನ ವಸ್ತುವೇ ಅಂತ ಅಧಿಕೃತವಾಗಿ ತಿಳಿಯಬೇಕಾದರೆ ಪುರಾತತ್ವ ಇಲಾಖೆಯನ್ನು ಕೇಳಿ. ಅದರ ಮುಂಬೈ ಕಚೇರಿ ಸಾಯನ್ ಕೋಟೆಯಲ್ಲಿದೆ.

ಮುಂಬೈ, ಗೋವಾದ ಹವೆಯಲ್ಲಿ ಇಡುವುದು ಹೇಗೆ?

ಸಮುದ್ರದ ಕಡೆಯ ಗೋಡೆಗೆ ನೇತುಹಾಕಬೇಡಿ, ಉಪ್ಪು ಗಾಳಿ ಒಂದೇ ಮಳೆಗಾಲದಲ್ಲಿ ಕಬ್ಬಿಣ ತಿನ್ನುತ್ತದೆ. ಚರ್ಮದ ಚೀಲದಲ್ಲಿ, ಪ್ಲಾಸ್ಟಿಕ್ ಸುತ್ತಿ ಇಡಬೇಡಿ, ಬೆವರು ಹಿಡಿಯುತ್ತದೆ. ಹತ್ತಿ ಕೈಗವಸು ಹಾಕಿಕೊಂಡೇ ಮುಟ್ಟಿ. ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಬದಲಾಯಿಸಿ. ನಿಲ್ಲಿಸಿ ಇಡುವುದಾದರೆ ಬಾಯಿ ಕೆಳಗೆ ಮಾಡಿ. ನಮ್ಮ ವರ್ಕ್‌ಶಾಪಿನಲ್ಲಿ ಹಳಬರು ಹಾಗೇ ಇಡುತ್ತಿದ್ದರು. ನಳಿಗೆಯ ಎಣ್ಣೆ ಹಿಂದಕ್ಕೆ ಇಳಿದು ಹಿಡಿಯ ಕುತ್ತಿಗೆಯ ಮರವನ್ನು ಕೊಳೆಸದಿರಲಿ ಅಂತ. ಬಾಯಿಯ ಕೆಳಗೆ ಮಡಿಸಿದ ಬಟ್ಟೆ ಹಾಕಿ.